ಪೆಟ್ರೋಲ್ ಖರ್ಚಿನಲ್ಲಿ ಇಡ್ಲಿಗೆಷ್ಟು, ಬೆಟ್ಟಕ್ಕೆಷ್ಟು?

ಭಾನುವಾರ ಬೆಳಿಗ್ಗೆ ದೇವರಾಯನದುರ್ಗದ ಪಾರ್ಕಿಂಗ್ ಜಾಗದಲ್ಲಿ ಕೈಯಲ್ಲಿ ಫಾರಂ ಹಿಡಿದು ನಿಂತರೆ, ಸೈಟು ಮಾರಲು ಬಂದವಳು ಅಂತಲೇ ಜನ ಅಂದುಕೊಳ್ಳುತ್ತಾರೆ. ಕಾರಿನ ಗಾಜು ಅರ್ಧ ಇಳಿಯುತ್ತದೆ, ‘ಬೇಡಮ್ಮ’ ಅನ್ನುತ್ತಾರೆ, ಗಾಜು ಮತ್ತೆ ಏರುತ್ತದೆ. ಸೈಟಲ್ಲ ಸರ್, ಇಲ್ಲಿಗೆ ಬರಲು ನಿಮಗೆ ಎಷ್ಟು ಖರ್ಚಾಯಿತು ಅಂತ ಕೇಳಬೇಕಿತ್ತು ಅಂದರೆ ಅನುಮಾನ ಇನ್ನೂ ಜಾಸ್ತಿ.

ಆದರೆ ನನ್ನ ಕೆಲಸವೇ ಅದು. ಕಾಡು, ಬೆಟ್ಟ, ಹುಲ್ಲುಗಾವಲಿಗೆ ಬರುವವರು ಆ ಜಾಗಕ್ಕೆ ಎಷ್ಟು ಬೆಲೆ ಕೊಡುತ್ತಾರೆ ಅನ್ನುವುದನ್ನು ಲೆಕ್ಕ ಹಾಕುವುದು. ಬಿಡುವಾದಾಗ ಸ್ಥಳೀಯ ಗೈಡುಗಳಿಗೆ ತರಬೇತಿ ಕೊಡುವುದು. ಈ ಲೆಕ್ಕ ಎಲ್ಲಿ ಕೂಡುತ್ತದೆ, ಎಲ್ಲಿ ಎಡವುತ್ತದೆ ಅಂತ ಇವತ್ತು ಬಿಡಿಸಿ ಹೇಳುತ್ತೇನೆ.

ಹೋದ ವರ್ಷ ಸಿಕ್ಕ ಒಂದು ಕುಟುಂಬದಿಂದಲೇ ಶುರು ಮಾಡೋಣ. ಬೆಂಗಳೂರಿನವರು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಹಿಂದಿನ ಸೀಟಿನಲ್ಲಿ ಅಜ್ಜಿ. ಬೆಳಿಗ್ಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ, ಆಮೇಲೆ ನಾಮದ ಚಿಲುಮೆ, ಬೆಟ್ಟ, ಮಧ್ಯಾಹ್ನಕ್ಕೆ ಗೊರವನಹಳ್ಳಿ ಮಹಾಲಕ್ಷ್ಮಿ. ಪೆಟ್ರೋಲಿಗೆ ಸಾವಿರದ ಐನೂರು ಹಾಕಿಸಿದ್ದೆ ಅಂದರು ಯಜಮಾನರು. ಅದರಲ್ಲಿ ಬೆಟ್ಟದ ಪಾಲೆಷ್ಟು ಅಂತ ಕೇಳಿದೆ. ಅವರು ನಕ್ಕರು. ಅಜ್ಜಿ ಮಾತ್ರ ನಗಲಿಲ್ಲ: ‘ಹರಕೆ ಇಲ್ದೇ ಇದ್ರೆ ನಾವ್ಯಾಕಮ್ಮ ಮನೆ ಬಿಡ್ತಿದ್ವಿ? ಪೂರ್ತಿ ಲಕ್ಷ್ಮೀ ಲೆಕ್ಕಕ್ಕೆ ಬರ್ಕೊ.’ ಚಿಕ್ಕ ಹುಡುಗ ಇಡ್ಲಿ ಪರ ವಾದ ಮಾಡಿದ.

ಇದು ಬರೀ ತಮಾಷೆಯಲ್ಲ. ಪ್ರಯಾಣ ವೆಚ್ಚದ ಪದ್ಧತಿ ಅಂತ ನಾವು ಕರೆಯುವ ಲೆಕ್ಕಕ್ಕೆ ಬಹಳ ಹಳೆಯ ತಲೆನೋವು ಇದು. 1947ರಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಇಲಾಖೆ, ಉದ್ಯಾನಗಳಿಂದ ಜನರಿಗೆ ಆಗುವ ಲಾಭವನ್ನು ಹಣದಲ್ಲಿ ಹೇಳುವುದು ಹೇಗೆ ಅಂತ ಅರ್ಥಶಾಸ್ತ್ರಜ್ಞರನ್ನು ಕೇಳಿತ್ತು. ಹೆರಾಲ್ಡ್ ಹೋಟೆಲಿಂಗ್ ಎಂಬುವರು ಪತ್ರ ಬರೆದು ಒಂದು ದಾರಿ ತೋರಿಸಿದರು. ಉದ್ಯಾನದ ಸುತ್ತ ವೃತ್ತಗಳನ್ನು ಎಳೆಯಿರಿ, ಒಂದೊಂದು ವೃತ್ತದಿಂದ ಎಷ್ಟು ಜನ ಬರುತ್ತಾರೆ, ಬರಲು ಎಷ್ಟು ತಗಲುತ್ತದೆ ನೋಡಿ ಅಂತ. ಗೇಟಿನ ಟಿಕೆಟ್ ಇಪ್ಪತ್ತೇ ರೂಪಾಯಿ ಇರಬಹುದು, ಸೊನ್ನೆಯೇ ಇರಬಹುದು. ಜನ ನಿಜವಾಗಿ ತೆತ್ತ ಬೆಲೆ ದಾರಿಯಲ್ಲಿದೆ.

ನಮ್ಮೂರಿಗೆ ಹೊಂದಿಸಿ ಹೇಳುತ್ತೇನೆ. ದುರ್ಗ ತುಮಕೂರಿನಿಂದ ಸುಮಾರು 15 ಕಿ.ಮೀ. ಊರಿನ ಹುಡುಗನಿಗೆ ಬೈಕಿನಲ್ಲಿ ಹೋಗಿ ಬರಲು 200 ರೂಪಾಯಿ ಅಂತಿಟ್ಟುಕೊಳ್ಳಿ. ಅವನಷ್ಟೇ ಬೆಟ್ಟದ ಹುಚ್ಚಿರುವ ಬೆಂಗಳೂರಿನವನು 1,500 ಖರ್ಚು ಮಾಡಿ ಬರುತ್ತಾನೆ. ಅಂದರೆ ಆ ಒಂದು ಬೆಳಗು ಕಡಿಮೆಯೆಂದರೂ 1,500 ಬಾಳುತ್ತದೆ. ತುಮಕೂರಿನ ಹುಡುಗ ಕೊಟ್ಟದ್ದು 200; ಮಿಕ್ಕ 1,300 ಅವನ ಜೇಬಿನಲ್ಲೇ ಉಳಿದ ಲಾಭ. ಇಂಥ ಉಳಿಕೆಯನ್ನೆಲ್ಲ ಕೂಡಿದರೆ ಬರುವ ಮೊತ್ತವೇ ಆ ಜಾಗದ ವಿಹಾರ ಮೌಲ್ಯ. ಹಾದಿಯಲ್ಲಿ ಕಳೆದ ಹೊತ್ತಿಗೂ ಬೆಲೆ ಹಿಡಿಯಬೇಕು. ಗಂಟೆಯ ಸಂಪಾದನೆಯ ಮೂರನೇ ಒಂದು ಭಾಗ ಹಿಡಿಯುವುದು ರೂಢಿ. ನೆಲಮಂಗಲದ ಟ್ರಾಫಿಕ್ಕಿನಲ್ಲಿ ಕೂತವರು ಅದು ಸಾಲದು ಅನ್ನಬಹುದು.

ಈ ಲೆಕ್ಕದ ಪ್ರಕಾರ ನನಗೆ ಸಿಗುವ ಬಂಗಾರದಂಥ ಪ್ರವಾಸಿ ಯಾರು ಗೊತ್ತೆ? ದೂರದಿಂದ ಹಳದಿ ಕೊರಳಿನ ಪಿಕಳಾರ ಹುಡುಕಿಕೊಂಡು ಬರುವ ಕ್ಯಾಮೆರಾದವನು. ದಕ್ಷಿಣ ಭಾರತದ ಬಂಡೆಗುಡ್ಡಗಳ ಕುರುಚಲಲ್ಲಿ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇರದ ಹಕ್ಕಿ ಅದು. ದುರ್ಗದಲ್ಲೂ ಇದೆ, ನಂದಿಬೆಟ್ಟದಲ್ಲೂ ಇದೆ. ವಿಮಾನ, ಟ್ಯಾಕ್ಸಿ, ಲಾಡ್ಜು ಎಲ್ಲ ಸೇರಿ ಅವನ ಸಾಲಿನಲ್ಲಿ ದೊಡ್ಡ ಮೊತ್ತ ಬೀಳುತ್ತದೆ. ಅವನು ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಅದನ್ನು ಪೊದೆಯಿಂದ ಹೊರಗೆಳೆದ ಅನ್ನುವುದಕ್ಕೆ ಫಾರಂನಲ್ಲಿ ಕಾಲಂ ಇಲ್ಲ. ಗೂಡಿನ ಕಾಲದಲ್ಲಿ ಸುಳ್ಳು ಎದುರಾಳಿಯ ಹಿಂದೆ ಓಡಾಡುವ ಹಕ್ಕಿಯ ಖರ್ಚನ್ನು ಯಾರ ಲೆಕ್ಕಕ್ಕೆ ಬರೆಯೋಣ?

ದುರ್ಗವನ್ನಾದರೂ ಜನ ಒಪ್ಪುತ್ತಾರೆ. ಬೆಟ್ಟವಿದೆ, ನರಸಿಂಹಸ್ವಾಮಿ ಇದ್ದಾನೆ, ಸೆಲ್ಫಿಗೆ ಬಂಡೆ ಇದೆ. ಕಷ್ಟ ಇರುವುದು ಮೈದನಹಳ್ಳಿಯಲ್ಲಿ. ಇದೇ ದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿ ನದಿ ಕೊರಟಗೆರೆ, ಮಧುಗಿರಿ ಕಡೆ ಹರಿದು ಉತ್ತರ ಪಿನಾಕಿನಿ ಸೇರುತ್ತದೆ. ಆಂಧ್ರದ ಗಡಿಗೆ ಅಂಟಿಕೊಂಡ ಮೈದನಹಳ್ಳಿಯ ಸುಮಾರು 800 ಎಕರೆಯ ಕೃಷ್ಣಮೃಗ ಮೀಸಲಿಗೆ ಇಟ್ಟಿರುವುದು ಅದೇ ನದಿಯ ಹೆಸರು. 2007ರಲ್ಲಿ ಅದು ಸಂರಕ್ಷಿತ ಮೀಸಲಾಯಿತು.

ಅಲ್ಲಿ ಕಾರಿಂದ ಇಳಿದವರ ಮೊದಲ ಮಾತು ನನಗೆ ಬಾಯಿಪಾಠ: ‘ಇಲ್ಲಿ ಏನೂ ಇಲ್ವಲ್ಲ ಮೇಡಂ.’

ಅವರ ತಪ್ಪಲ್ಲ. ಪ್ರಕೃತಿ ಅಂದರೆ ಮರ ಅಂತ ನಮಗೆ ಶಾಲೆಯಿಂದಲೇ ಹೇಳಿಕೊಟ್ಟಿದ್ದಾರೆ. ಕಾಗದಪತ್ರಗಳಲ್ಲೂ ಬಯಲು ಅಂದರೆ ಬಂಜರು, ಬೀಳು. ಬೀಳನ್ನು ಹಸಿರು ಮಾಡುವ ಹುಮ್ಮಸ್ಸು ನೀಲಗಿರಿ ಗಿಡವಾಗಿ ಮೈದನಹಳ್ಳಿಯ ಹುಲ್ಲಿನ ನಡುವೆಯೂ ನಿಂತಿದೆ. ಕೃಷ್ಣಮೃಗಕ್ಕೆ ಮರ ಉಪಕಾರವಲ್ಲ. ಅದರ ರಕ್ಷಣೆ ಇರುವುದು ಕಣ್ಣಿನಲ್ಲಿ ಮತ್ತು ಕಾಲಿನಲ್ಲಿ. ದೂರದಿಂದ ಶತ್ರುವನ್ನು ಕಾಣಬೇಕು, ಅಡ್ಡಿಯಿಲ್ಲದೆ ಓಡಬೇಕು. ಬಯಲೇ ಅದರ ಕೋಟೆ.

ಇದನ್ನು ಭಾಷಣ ಮಾಡಿ ಹೇಳಿದರೆ ಜನ ಮೊಬೈಲು ನೋಡುತ್ತಾರೆ. ಹಾಗಾಗಿ ಗೈಡುಗಳಿಗೆ ನಾನು ಹೇಳುವುದು, ಮೊದಲ ಇಪ್ಪತ್ತು ನಿಮಿಷ ಪ್ರಾಣಿ ತೋರಿಸಲು ಹೋಗಬೇಡಿ, ಹಿಕ್ಕೆ ರಾಶಿ ತೋರಿಸಿ ಅಂತ. ಗಂಡು ಕೃಷ್ಣಮೃಗ ತನ್ನ ಎಲ್ಲೆಯೊಳಗೆ ಒಂದೇ ಜಾಗಕ್ಕೆ ಬಂದು ಬಂದು ಹಿಕ್ಕೆ ಹಾಕುತ್ತದೆ. ಇದು ಅದರ ಸೈಟಿನ ಗಡಿಕಲ್ಲು ಅಂದರೆ ಬೆಂಗಳೂರಿನವರಿಗೆ ತಟ್ಟನೆ ಅರ್ಥವಾಗುತ್ತದೆ. ಏನೂ ಇಲ್ಲ ಅಂದಿದ್ದ ಬಯಲು ಇದ್ದಕ್ಕಿದ್ದಂತೆ ಯಾರದೋ ಮನೆಯಾಗುತ್ತದೆ. ಆಮೇಲೆ ಹುಲ್ಲಿಗೆ ಕಾಲಿಡುವ ಮುಂಚೆ ಅವರೇ ಕೇಳುತ್ತಾರೆ, ಇಲ್ಲಿ ನಡೆಯಬಹುದಾ ಅಂತ. ಮರಿಗಳನ್ನು ತಾಯಿ ಹುಲ್ಲಿನಲ್ಲೇ ಅಡಗಿಸಿಟ್ಟು ಮೇಯಲು ಹೋಗುವುದರಿಂದ ಆ ಪ್ರಶ್ನೆಗೆ ತುಂಬಾ ತೂಕವಿದೆ. ದೂರದಲ್ಲಿ ಕರಿ ಗಂಡೊಂದು ಸುರುಳಿ ಕೊಂಬೆತ್ತಿ ನಿಂತದ್ದು ಕಂಡರೆ ಸಂತೋಷ. ಕಾಣದೆ ವಾಪಸಾದ ದಿನವೂ ಇಂಥ ಗುಂಪಿನವರು ಬೈದುಕೊಂಡು ಹೋದದ್ದನ್ನು ನಾನು ಅಷ್ಟಾಗಿ ನೋಡಿಲ್ಲ. ಕಾರಿಂದ ಇಳಿಯದೆ ಜಿಂಕೆ ನೋಡಿ ಹೋದವರು ಬೈದದ್ದುಂಟು, ಹತ್ತಿರ ಬರಲಿಲ್ಲ ಅಂತ.

ಇನ್ನು ಬಾರದೇ ಇರುವವರ ವಿಷಯ. ದುರ್ಗಕ್ಕೆ ಜನ್ಮದಲ್ಲಿ ಹೋಗದ, ಆದರೆ ಅಲ್ಲೇ ಹುಟ್ಟುವ ಶಿಂಷಾ ನೀರು ಕುಡಿಯುವವರು ಪ್ರಯಾಣ ವೆಚ್ಚದ ಲೆಕ್ಕದಲ್ಲಿ ಬರುವುದೇ ಇಲ್ಲ. ಅದಕ್ಕಾಗಿ ಇನ್ನೊಂದು ಪದ್ಧತಿ: ಇದು ಉಳಿಯಲು ನೀವು ಎಷ್ಟು ಕೊಡುತ್ತೀರಿ ಅಂತ ನೇರವಾಗಿ ಕೇಳುವುದು. 1989ರಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನ ತೈಲ ಅಲಾಸ್ಕಾದ ಸಮುದ್ರಕ್ಕೆ ಚೆಲ್ಲಿದಾಗ, ಅಲ್ಲಿಗೆ ಹೋಗಿಯೇ ಇರದ ಅಮೆರಿಕನ್ನರನ್ನೂ ಹೀಗೆ ಕೇಳಿ ನಷ್ಟ 280 ಕೋಟಿ ಡಾಲರ್ ಅಂತ ಅಂದಾಜು ಮಾಡಿದ್ದರು. ನಂತರ 1993ರಲ್ಲಿ ಅರ್ಥಶಾಸ್ತ್ರಜ್ಞರಾದ ಕೆನೆತ್ ಆ್ಯರೋ, ರಾಬರ್ಟ್ ಸೋಲೋ ಇದ್ದ ತಜ್ಞರ ಸಮಿತಿ ಈ ಪದ್ಧತಿಗೆ ಕಟ್ಟುಪಾಡು ಹಾಕಿತು. ‘ಇದನ್ನು ಕಳೆದುಕೊಳ್ಳಲು ನಿಮಗೆ ಎಷ್ಟು ಪರಿಹಾರ ಬೇಕು’ ಅಂತ ಕೇಳಬೇಡಿ, ಉತ್ತರ ಬಹಳ ಹಿಗ್ಗುತ್ತದೆ. ‘ಎಷ್ಟು ಕೊಡುತ್ತೀರಿ’ ಅಂತಲೇ ಕೇಳಿ ಅನ್ನುವುದು ಅದರಲ್ಲೊಂದು. ನಾನೂ ವರ್ಷಗಟ್ಟಲೆ ಹಾಗೇ ಕೇಳಿದೆ.

ಮೈದನಹಳ್ಳಿಯ ಅಂಚಿನ ಹೊಲದ ಬದುವಿನಲ್ಲಿ ಕುರಿ ಬಿಟ್ಟುಕೊಂಡು ಕೂತಿದ್ದ ಒಬ್ಬ ತಾತನನ್ನೂ ಕೇಳಿದೆ: ‘ಈ ಬಯಲು ಹಿಂಗೇ ಉಳೀಬೇಕು ಅಂದ್ರೆ ವರ್ಷಕ್ಕೆ ಎಷ್ಟು ಕೊಡ್ತೀಯ ತಾತ?’ ಆತ ಕಂಬಳಿ ಸರಿಮಾಡಿಕೊಂಡು ನನ್ನ ಫಾರಂ ನೋಡಿದ. ‘ನಾನ್ಯಾಕವ್ವ ಕೊಡ್ಲಿ? ಹುಟ್ದಾಗಿಂದ ಇಲ್ಲೇ ಇವ್ನಿ. ಯಾವನು ತಗಂಡು ಹೋಗಕ್ಕೆ ಬತ್ತಾನೋ ಅವನ್ ಕೇಳು, ಏಟು ಕೊಡ್ತಾನೆ ಅಂತ.’

ಸಮಿತಿ ಬೇಡ ಅಂದಿದ್ದ ಪ್ರಶ್ನೆಯನ್ನು ತಾತ ವಾಪಸು ತಂದು ನನ್ನ ಮಡಿಲಿಗೆ ಹಾಕಿದ್ದ. ‘ಎಷ್ಟು ಕೊಡ್ತೀಯ’ ಅಂತ ಕೇಳಿದ ಕ್ಷಣವೇ ಜಾಗ ನಿನ್ನದಲ್ಲ, ಬೇಕಿದ್ದರೆ ಕೊಂಡುಕೋ ಅಂದ ಹಾಗಾಗುತ್ತದೆ. ವಾರಕ್ಕೊಮ್ಮೆ ಬರುವ ಬೆಂಗಳೂರಿನವರಿಗೆ ಆ ಪ್ರಶ್ನೆ ಸರಿ. ಬಯಲಿನ ಬದಿಯಲ್ಲೇ ಬಾಳುವವನಿಗೆ ಸರಿಯಲ್ಲ. ಹಿಗ್ಗಿದ ಉತ್ತರದ ಭಯಕ್ಕೆ ತಪ್ಪು ಪ್ರಶ್ನೆ ಕೇಳುವುದಕ್ಕಿಂತ, ಸರಿ ಪ್ರಶ್ನೆ ಕೇಳಿ ಉತ್ತರವನ್ನು ಹುಷಾರಾಗಿ ಬಳಸುವುದು ಮೇಲು ಅನ್ನುವುದು ಈಗ ನನ್ನ ನಿಲುವು. ನನ್ನ ಕಸುಬಿನ ಕೆಲವರು ಇದನ್ನು ಒಪ್ಪುವುದಿಲ್ಲ.

ಆವತ್ತಿನಿಂದ ಫಾರಂನ ಒಂಬತ್ತನೆಯದಾದ ಈ ಪ್ರಶ್ನೆಯನ್ನು ಎರಡು ಥರ ಅಚ್ಚು ಹಾಕಿಸುತ್ತೇನೆ. ಕಾರಿನಲ್ಲಿ ಬಂದವರಿಗೆ ಒಂದು, ಸುತ್ತಲ ಹಳ್ಳಿಯವರಿಗೆ ಇನ್ನೊಂದು. ಎರಡನೆಯದರಲ್ಲಿ ರೂಪಾಯಿ ಗುರುತು ತೆಗೆಸಿದ್ದೇನೆ. ಮೊನ್ನೆ ಒಬ್ಬಾಕೆ ಹೇಳಿದ ಉತ್ತರ ಹನ್ನೆರಡು ಕುರಿ, ಮೂರು ತಿಂಗಳ ಮೇವು.