ಒಂದೇ ಮಗು, ಮೂರು ಫಾರಂ

ಡಿಸೆಂಬರಿನಲ್ಲಿ "ಕಾಫಿ ಕುಯ್ಲು ಮುಗೀಲಿ, ಆಮೇಲೆ ವ್ಯಾಯಾಮ ಸರಿಯಾಗಿ ಮಾಡಿಸ್ತೀವಿ" ಎಂದು ನನಗೆ ಹೇಳಿ ಹೋದ ಮನೆಯವರು ಏಪ್ರಿಲ್‌ನಲ್ಲಿ ಬೇಸಿಗೆ ಶಿಬಿರದ ಕರಪತ್ರ ಹಿಡಿದುಕೊಂಡು ಬರುತ್ತಾರೆ. ಕೊಡಗಿನಲ್ಲಿ ಏಪ್ರಿಲ್, ಮೇ ಎರಡು ತಿಂಗಳು ಮಕ್ಕಳು ಮನೆಯಲ್ಲಿ ನಿಲ್ಲುವುದೇ ಕಡಿಮೆ. ಹಾಕಿ ಶಿಬಿರ, ನಾಟಕದ ಶಿಬಿರ, ಚಾರಣ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ನಡೆಯುವುದೂ ಬೇಸಿಗೆಯಲ್ಲೇ. ಅಕ್ಕಪಕ್ಕದ ಹುಡುಗರು ಸ್ಟಿಕ್ ಹೆಗಲಿಗೇರಿಸಿ ಜೀಪು ಹತ್ತುವುದನ್ನು ಸರಿಯಾಗಿ ನಡೆಯಲಾಗದೆ ಜಗಲಿಯ ಕುರ್ಚಿಯಲ್ಲಿ ಕೂತ ಮಗು ನೋಡುತ್ತಿರುತ್ತದೆ. ಅದು ನೋಡುತ್ತಿದೆ ಎಂದು ಮೊದಲು ಗಮನಿಸುವವರು ಮನೆಯ ಅಜ್ಜಿ.

ನಾನು ಫಿಸಿಯೋಥೆರಪಿಸ್ಟ್. ಡಾಕ್ಟರಲ್ಲ ಎಂದು 18 ವರ್ಷಗಳಿಂದ ಹೇಳುತ್ತಿದ್ದೇನೆ. ಅಜ್ಜಿಯರು "ಡಾಕ್ಟ್ರೇ" ಅನ್ನುವುದನ್ನು ಬಿಟ್ಟಿಲ್ಲ.

ಹಾಗೆ ಬಂದವರಲ್ಲಿ ಸೋಮವಾರಪೇಟೆ ಕಡೆಯ ಒಬ್ಬ ಅಜ್ಜಿಯದು ಈ ಕಥೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಮೊಮ್ಮಗನಿಗೆ 11 ವರ್ಷ. ಸೆರೆಬ್ರಲ್ ಪಾಲ್ಸಿಯಿಂದ (ಎಳವೆಯಲ್ಲೇ ಮೆದುಳಿಗಾದ ತೊಂದರೆ) ಎರಡೂ ಕಾಲು ಬಿಗಿ, ಮಾತು ತೊದಲು, ಅಪರೂಪಕ್ಕೆ ಫಿಟ್ಸ್. ಬುದ್ಧಿ ಮಾತ್ರ ಮನೆಯಲ್ಲಿ ಎಲ್ಲರಿಗಿಂತ ಚುರುಕು. ಅಪ್ಪ ಬೆಂಗಳೂರಿನಲ್ಲಿ, ತಿಂಗಳಿಗೆರಡು ಬಾರಿ ಬರುತ್ತಾನೆ. ಅಮ್ಮನಿಗೆ ಕುಶಾಲನಗರದಲ್ಲಿ ಕೆಲಸ, ಬೆಳಿಗ್ಗೆ ಹೋದರೆ ಸಂಜೆ ಬಸ್ಸಿಗೆ ವಾಪಸು. ಹಗಲೆಲ್ಲ ಹುಡುಗ ಅಜ್ಜಿಯ ಪಾಲು. ಮೈಸೂರಿನ ಹತ್ತಿರ ಐದು ದಿನದ ವಸತಿ ಶಿಬಿರವಿದೆ, ಇಂಥ ಮಕ್ಕಳನ್ನೂ ಸೇರಿಸಿಕೊಳ್ಳುತ್ತಾರೆ ಎಂದು ಪತ್ತೆ ಹಚ್ಚಿದ್ದೂ ಅಜ್ಜಿ, ಮೆಣಸು ಮಾರಿದ ದುಡ್ಡಿನಲ್ಲಿ ಶುಲ್ಕ ಕಟ್ಟುತ್ತೇನೆ ಎಂದದ್ದೂ ಅಜ್ಜಿ. ಸೊಸೆ ಬೇಡ ಎಂದಳು. ಮಗ, ಇಬ್ಬರಲ್ಲಿ ಯಾರು ಫೋನ್ ಮಾಡಿದರೂ "ಹೂಂ" ಅಂದ.

ಇಂಥ ಜಗಳದಲ್ಲಿ ಕಳಿಸಿ, ಬೇಡ ಎಂದು ನಾನು ತೀರ್ಪು ಕೊಡುವುದಿಲ್ಲ. ಶಿಬಿರದ ಫಾರಂ ಮೂರು ಪ್ರತಿ ಮಾಡಿಸಿ, ಒಬ್ಬರದನ್ನು ಇನ್ನೊಬ್ಬರು ನೋಡದಂತೆ ತುಂಬಿಸುತ್ತೇನೆ. ಓದು ಬಾರದವರು ಹೇಳಿದ್ದನ್ನು ಅವರ ಮಾತಿನಲ್ಲೇ ನಾನು ಬರೆದುಕೊಳ್ಳುತ್ತೇನೆ.

ನಡೆಯುತ್ತಾನೆಯೇ? ಅಪ್ಪ ಬರೆದದ್ದು: "ಇಲ್ಲ, ಎತ್ತಿಕೊಳ್ಳಬೇಕು." ಅಮ್ಮ: "ಸ್ಪ್ಲಿಂಟ್ (ಕಾಲಿಗೆ ಕಟ್ಟುವ ಆಧಾರ) ಹಾಕಿದರೆ ವಾಕರ್ ಹಿಡಿದು ಹತ್ತು ಹೆಜ್ಜೆ." ಅಜ್ಜಿ ಹೇಳಿದ್ದು: "ಕಾಫಿ ಕಣದ ಗೋಡೆ ಹಿಡ್ಕೊಂಡು ಆ ತುದಿಯಿಂದ ಈ ತುದಿಗೆ ಬರ್ತಾನೆ. ನಾಯಿ ಕರೆಯೋಕೆ." ಮೂರರಲ್ಲಿ ಒಂದೂ ಸುಳ್ಳಲ್ಲ. ಅಪ್ಪ ಬಂದಾಗಲೆಲ್ಲ ಮುದ್ದಿಗೆ ಎತ್ತಿಕೊಂಡೇ ಓಡಾಡುತ್ತಾನೆ, ಆದ್ದರಿಂದ ಅಪ್ಪನ ಮಗ ನಡೆಯುವುದಿಲ್ಲ.

ಮೂತ್ರ ಬಂದರೆ ಹೇಳುತ್ತಾನೆಯೇ? ಅಪ್ಪ ಖಾಲಿ ಬಿಟ್ಟಿದ್ದ. ಅಮ್ಮ "ಹೇಳುತ್ತಾನೆ" ಎಂದು ಬರೆದಿದ್ದಳು. ಅಜ್ಜಿ: "ಬಾಯಲ್ಲಿ ಹೇಳಲ್ಲ. ಬಲಗೈಲಿ ಅಂಗಿ ಚುಂಗು ಎಳೀತಾನೆ, ಆಗ ಕರ್ಕೊಂಡು ಹೋಗ್ಬೇಕು." ಗೊತ್ತಿಲ್ಲದ ಊರಿನಲ್ಲಿ 11 ವರ್ಷದ ಹುಡುಗನ ಮಾನ ಉಳಿಸುವುದು ಈ ಒಂದು ಸಾಲು. ಅದು ಯಾವ ವೈದ್ಯಕೀಯ ದಾಖಲೆಯಲ್ಲೂ ಇರಲಿಲ್ಲ. ನನ್ನ ಫೈಲಿನಲ್ಲೂ.

ಮಾತ್ರೆಯ ಪ್ರಶ್ನೆಗೆ ಬಂದಾಗ ನಾನು ಪೆನ್ನು ಕೆಳಗಿಟ್ಟೆ. ಅಮ್ಮ ಹೆಸರು, ಮಿಲಿಗ್ರಾಂ, ಹೊತ್ತು ಎಲ್ಲ ಅಚ್ಚುಕಟ್ಟಾಗಿ ಬರೆದಿದ್ದಳು. ಅಜ್ಜಿ ಮಾತ್ರ, "ಪುಡಿ ಮಾಡಿ ಬಾಳೆಹಣ್ಣಲ್ಲಿ ಕಲಸಿ ಕೊಡ್ತೀನಿ" ಎಂದರು. ಅದು ಹೊಟ್ಟೆಯಲ್ಲಿ ನಿಧಾನವಾಗಿ ಕರಗಲೆಂದು ಮಾಡಿದ ಮಾತ್ರೆ. ಪುಡಿ ಮಾಡಿದರೆ ಔಷಧಿ ಒಮ್ಮೆಲೇ ರಕ್ತಕ್ಕೆ ಸೇರಿ, ಮುಂದಿನ ಹೊತ್ತಿಗೆ ಸಾಲದೆ ಹೋಗಬಹುದು. ಎರಡು ವರ್ಷದಿಂದ ಹೀಗೇ ನಡೆದಿತ್ತಂತೆ. ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ, "ನುಂಗೋಕೆ ಆಗ್ದೆ ಉಗೀತಿದ್ದ, ನಿಂಗೆ ಯಾವತ್ತು ಗೊತ್ತಾಗಿತ್ತು?" ಎಂದರು. ಇಬ್ಬರದೂ ಸರಿಯೇ. ನಾನು ಬಾಯಿ ಹಾಕದೆ ಅವರನ್ನು ನರರೋಗ ವೈದ್ಯರ ಹತ್ತಿರ ಕಳಿಸಿದೆ. ಅವರು ಅದೇ ಔಷಧಿಯನ್ನು ಸಿರಪ್ ರೂಪದಲ್ಲಿ ಬರೆದುಕೊಟ್ಟರು.

ಆದರೆ ಜಗಳದ ಬುಡ ಫಾರಂನಲ್ಲಿ ಇರಲಿಲ್ಲ. ಮೇ ತಿಂಗಳಲ್ಲಿ ಅಜ್ಜಿಯ ಚಿಕ್ಕ ಮಗನ ಮದುವೆ. ಶಿಬಿರದ ಐದು ದಿನದಲ್ಲಿ ಮದುವೆಯ ಎರಡೂ ದಿನ ಸೇರಿಕೊಂಡಿದ್ದವು. "ಬೀಗರೆದುರಿಗೆ ಅವನು ಕಾಣಬಾರದು ಅಂತ ತಾನೇ ಅತ್ತೆ?" ಎಂದು ಸೊಸೆ ನನ್ನೆದುರೇ ಕೇಳಿದಳು. ಆ ಅನುಮಾನ ಹುಚ್ಚಲ್ಲ. ಮದುವೆ ಮನೆಯಲ್ಲಿ ಇಂಥ ಮಕ್ಕಳನ್ನು ಹಿಂದಿನ ಕೋಣೆಯಲ್ಲಿ ಟಿ.ವಿ. ಹಾಕಿ ಕೂರಿಸಿದ್ದನ್ನು ನಾನೇ ಕಂಡಿದ್ದೇನೆ.

ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, ಸೀರೆ ಸ್ವಲ್ಪ ಮೇಲೆತ್ತಿ ಮಂಡಿ ತೋರಿಸಿದರು. ಊದಿತ್ತು. "28 ಕೆ.ಜಿ. ಆಗಿದಾನೆ ಡಾಕ್ಟ್ರೇ. ಮದುವೆ ಮನೇಲಿ ನೂರು ಜನ, ನಾನು ಅಡುಗೆ ನೋಡ್ಲಾ, ಇವನ್ನ ಎತ್ಲಾ? ಎತ್ತೋಕಾಗಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ? ಎತ್ತಿ ಬೆಳೆಸಿದೋಳು ನಾನೇ."

ಹಿರಿಯರಿಗೆ ಐದು ದಿನ ವಿಶ್ರಾಂತಿ ಬೇಕು ಎನ್ನುವುದು ಮಗುವನ್ನು ಶಿಬಿರಕ್ಕೆ ಕಳಿಸಲು ಪೂರ್ತಿ ಒಪ್ಪತಕ್ಕ ಕಾರಣ. ಅದಕ್ಕೆ 'ಮಗುವಿನ ಬೆಳವಣಿಗೆ' ಎಂಬ ಶಾಲು ಹೊದಿಸಿದಾಗಲೇ ಸೊಸೆಯಂದಿರಿಗೆ ವಾಸನೆ ಹೊಡೆಯುವುದು. ಹಾಗೆಂದು ಮದುವೆಯ ದಿನವೇ ಕಳಿಸುವುದನ್ನು ನಾನು ಒಪ್ಪಲಿಲ್ಲ. ಹುಡುಗನನ್ನು ಯಾರೂ ಕೇಳಿರಲಿಲ್ಲ. ಕೇಳಿದೆ. ಅವನ ವಾಕ್ಯ ಮುಗಿಯಲು ಅರ್ಧ ನಿಮಿಷ ಬೇಕು, ಕಾದೆ. "ಚಿಕ್ಕಪ್ಪನ ಮದ್ವೇಗೆ ನಾನಿರ್ತೀನಾ?" ಎಂದ. ಎಲ್ಲ ಕೇಳಿಸಿಕೊಂಡಿದ್ದ. ಶಿಬಿರದ ಎರಡನೆಯ ತಂಡ ಮದುವೆ ಕಳೆದು ಎಂಟು ದಿನಕ್ಕೆ ಇತ್ತು, ಅದಕ್ಕೆ ಹೆಸರು ಬರೆಸಿದರು. ಒಪ್ಪಿಗೆ ಪತ್ರಕ್ಕೆ ಅಮ್ಮನ ಸಹಿ ಹಾಕಿಸಿದೆ. ದುಡ್ಡು ಅಜ್ಜಿಯದೇ ಇರಲಿ, ತುರ್ತು ಚಿಕಿತ್ಸೆಗೆ ಒಪ್ಪಿಗೆ ಕೊಡಬೇಕಾದವರು ಹೆತ್ತವರು.

ಶಿಬಿರದವರನ್ನು ಏನು ಕೇಳಬೇಕು ಎಂದರೆ, ಆಸ್ಪತ್ರೆ ಎಷ್ಟು ಕಿ.ಮೀ. ಎಂದು ಕೇಳಬೇಡಿ, ಎಷ್ಟು ನಿಮಿಷ ಎಂದು ಕೇಳಿ. ನಮ್ಮ ಘಟ್ಟದ ರಸ್ತೆಯಲ್ಲಿ ಕಿ.ಮೀ. ಲೆಕ್ಕ ಯಾರನ್ನೂ ಉಳಿಸಿಲ್ಲ. ತೋಟದೊಳಗಿನ ಶಿಬಿರವಾದರೆ ಮೊಬೈಲಿಗೆ ಸಿಗ್ನಲ್ ಎಲ್ಲಿ ಸಿಗುತ್ತದೆ, ಕಕ್ಕಸಿಗೆ ಎಷ್ಟು ಮೆಟ್ಟಿಲು, ರಾತ್ರಿ ಮಗುವಿನ ಕೋಣೆಯಲ್ಲಿ ಯಾರು ಮಲಗುತ್ತಾರೆ ಎಂದೂ ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 29ನೇ ಸೆಕ್ಷನ್ ಮನರಂಜನೆಯನ್ನೂ ಹಕ್ಕಿನ ಸಾಲಿಗೆ ಸೇರಿಸಿದೆ. ಒಳ್ಳೆಯದೇ, ಆದರೆ ಸೆಕ್ಷನ್ ಬಂದು ಕುರ್ಚಿಯನ್ನು ಮೆಟ್ಟಿಲ ಮೇಲೆ ಎತ್ತುವುದಿಲ್ಲ.

ಫಿಟ್ಸ್ ಬಂದರೆ ಏನು ಮಾಡಬೇಕೆಂದು ಬರೆದೇ ಕೊಡಿ: ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ಹಾಕಬೇಡಿ, ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ. ಕೈಗೆ ಬೀಗದ ಕೈ ಕೊಡುವ ಪದ್ಧತಿ ಓದಿದವರಲ್ಲೂ ಇದೆ, ಅದರಿಂದ ಫಿಟ್ಸ್ ನಿಲ್ಲುವುದಿಲ್ಲ. ನಿದ್ದೆಗೆಟ್ಟರೆ, ಒಂದು ಹೊತ್ತಿನ ಔಷಧಿ ತಪ್ಪಿದರೆ ಫಿಟ್ಸ್ ಬರುವ ಸಂಭವ ಹೆಚ್ಚು. ಶಿಬಿರದಲ್ಲಿ ಬೆಂಕಿಯ ಸುತ್ತ ಹಾಡುತ್ತಾ ಎರಡೂ ತಪ್ಪುವುದು ಸುಲಭ.

ನನ್ನದೇ ಒಂದು ತಪ್ಪನ್ನೂ ಹೇಳಬೇಕು. ಕೆಲವು ವರ್ಷದ ಹಿಂದೆ ಇನ್ನೊಂದು ಮಗುವಿನ ಬಗ್ಗೆ ಶಿಬಿರದವರಿಗೆ ಪತ್ರ ಬರೆಯುವಾಗ 'ಸ್ಪ್ಲಿಂಟ್ ಹಾಕಿಸಿ' ಎಂದು ಬರೆದೆ, ಯಾವಾಗ ತೆಗೆಯಬೇಕೆಂದು ಬರೆಯಲಿಲ್ಲ. ಪಾಪ, ಅಲ್ಲಿನ ಹುಡುಗರು ಹೇಳಿದ್ದನ್ನು ಮಾಡಿದರು. ಮೂರನೆಯ ದಿನಕ್ಕೆ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಮಗು ಮನೆಗೆ ಬಂತು. ಈಗ ಎಷ್ಟು ಗಂಟೆಗೆ ತೆಗೆಯಬೇಕು, ತೆಗೆದ ಮೇಲೆ ಚರ್ಮದ ಕೆಂಪು ಅರ್ಧ ಗಂಟೆಯಲ್ಲಿ ಹೋಗದಿದ್ದರೆ ಮತ್ತೆ ಹಾಕಬೇಡಿ ಎಂದು ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ.

ಮೂರು ಫಾರಂಗಳನ್ನು ಸೇರಿಸಿ ಒಂದು ಹಾಳೆ ಮಾಡಿದೆವು. ಅಂಗಿ ಚುಂಗಿನ ಸಾಲನ್ನು ಅಜ್ಜಿಯ ಮಾತಿನಲ್ಲೇ ಉಳಿಸಿದೆ. ಮದುವೆಯ ಮಾರನೆಯ ವಾರ ಹುಡುಗ ಶನಿವಾರಸಂತೆಯ ಸೋದರತ್ತೆ ಮನೆಯಲ್ಲಿ ಒಂದು ರಾತ್ರಿ ಉಳಿದ. ಅಜ್ಜಿಯೂ ಇಲ್ಲ, ಅಮ್ಮನೂ ಇಲ್ಲ, ಹಾಳೆ ಮಾತ್ರ. ರಾತ್ರಿ ಹತ್ತಕ್ಕೆ ಸೋದರತ್ತೆ ಫೋನ್ ಮಾಡಿ, ಯಾವ ಮಗ್ಗುಲಿಗೆ ಮಲಗಿಸುವುದೆಂದು ಹಾಳೆಯಲ್ಲಿಲ್ಲ ಎಂದು ಬೈದಳಂತೆ. ಸೇರಿಸಿದೆವು.

ಶಿಬಿರ ಮುಗಿದ ವಾರ ಅಜ್ಜಿಯ ಫೋನ್ ಬಂತು. ದನಿಯಲ್ಲಿ ದೂರು. "ಅಳತೆ ಲೋಟ ತಾನೇ ಹಿಡ್ಕೊಂಡು ಸಿರಪ್ ಕುಡೀತಾನೆ ಡಾಕ್ಟ್ರೇ. ಅರ್ಧ ಅಂಗಿ ಮೇಲೆ ಚೆಲ್ಲುತ್ತೆ, ಆದ್ರೂ ನನ್ನ ಮುಟ್ಟೋಕೆ ಬಿಡಲ್ಲ." ಚೆಲ್ಲಿದರೆ ಅಳತೆ ಕಮ್ಮಿಯಾಗುತ್ತದೆ, ಲೋಟದ ಬದಲು ಸಿರಿಂಜಿನಲ್ಲಿ ಕೊಡಿ, ಅದನ್ನು ಅವನೇ ಒತ್ತಲಿ ಎಂದೆ. "ಆಯ್ತು" ಎಂದವರು ಫೋನ್ ಇಡಲಿಲ್ಲ.

"ಬಾಳೆಹಣ್ಣೂ ಬೇಡ್ವಂತೆ. ಅವನಿಗೇ ಅಂತ ಇಟ್ಟಿದ್ದ ಪುಟ್ಟಬಾಳೆ ಗೊನೆ ಪೂರ್ತಿ ಹಣ್ಣಾಗಿ ಕೂತಿದೆ. ಬಸ್ಸಲ್ಲಿ ಕಳಿಸ್ಲಾ ನಿಮಗೆ?"