ಹಾಲಿಗೆ ನೀರು ಸೇರಿದ್ರೆ ಸಾಂದ್ರತೆ ಎಷ್ಟಾಗತ್ತೆ?

ಹೈಸ್ಕೂಲಲ್ಲಿ ಸಾಂದ್ರತೆ ಅಂದ್ರೆ ಒಂದೇ ಸೂತ್ರ, ದ್ರವ್ಯರಾಶಿನ ಗಾತ್ರದಿಂದ ಭಾಗಿಸೋದು, ಎರಡು ಸಂಖ್ಯೆ ಕೊಟ್ಟಿರ್ತಾರೆ, ಭಾಗಿಸಿದ್ರೆ ಮಾರ್ಕ್ಸ್ ಬಂತು. ಆದ್ರೆ ಎರಡು ಪದಾರ್ಥ ಬೆರೆಸಿದಾಗ ಎಷ್ಟಾಗತ್ತೆ ಅಂತ ಕೇಳಿ ನೋಡಿ, ತುಂಬಾ ಮಕ್ಕಳು ಎರಡೂ ಸಾಂದ್ರತೆ ಕೂಡಿಸಿ 2ರಿಂದ ಭಾಗಿಸಿಬಿಡ್ತಾರೆ. ಈ ಲೆಕ್ಕ ಕಲಿಸೋಕೆ ಊರಿನ ಹಾಲಿನ ಡೈರಿಗಿಂತ ಒಳ್ಳೆ ಜಾಗ ಇಲ್ಲ ಅನ್ನೋದು ನನ್ನ ಗಟ್ಟಿ ನಂಬಿಕೆ.

ಡೈರಿಲಿ ಲ್ಯಾಕ್ಟೋಮೀಟರ್ ನೋಡಿರ್ತೀರಿ, ಬುಡದಲ್ಲಿ ಭಾರ ತುಂಬಿದ ಬುರುಡೆ, ಮೇಲೆ ಗೆರೆ ಹಾಕಿದ ಸಣ್ಣ ಗಾಜಿನ ಕಡ್ಡಿ. ಹಾಲಲ್ಲಿ ಬಿಟ್ರೆ ತನ್ನ ತೂಕದಷ್ಟು ಹಾಲನ್ನ ಪಕ್ಕಕ್ಕೆ ತಳ್ಳೋವರೆಗೆ ಮುಳುಗಿ ಅಲ್ಲಿ ನಿಂತ್ಕೊಳತ್ತೆ. ಹಾಲು ತೆಳು ಇದ್ರೆ ಅದೇ ತೂಕಕ್ಕೆ ಜಾಸ್ತಿ ಗಾತ್ರ ತಳ್ಳಬೇಕಲ್ಲ, ಅದಕ್ಕೆ ಇನ್ನೂ ಕೆಳಗೆ ಇಳಿಯತ್ತೆ. ಕಡ್ಡಿ ಮೇಲಿನ ಗೆರೆಲಿ 30 ಡಿಗ್ರಿ (ಇದು ಉಷ್ಣಾಂಶ ಅಲ್ಲ, ಲ್ಯಾಕ್ಟೋಮೀಟರ್‌ನ ಅಳತೆ) ಬಂತು ಅಂದ್ರೆ ಸಾಂದ್ರತೆ 1.030, ಅಂದ್ರೆ ಒಂದು ಲೀಟರ್ ಹಾಲು 1030 ಗ್ರಾಂ ತೂಗತ್ತೆ. (ಆಗಷ್ಟೇ ಕರೆದ ಬೆಚ್ಚಗಿನ ಹಾಲು ಸ್ವಲ್ಪ ಹಿಗ್ಗಿರತ್ತೆ, ಡಿಗ್ರಿ ಕಮ್ಮಿ ತೋರಿಸತ್ತೆ, ಆದ್ರಿಂದ ಉಷ್ಣಾಂಶನೂ ನೋಡ್ಕೋಬೇಕು.)

ಈಗ ಆ ಒಂದು ಲೀಟರ್‌ಗೆ ಕಾಲು ಲೀಟರ್ ನೀರು ಹಾಕಿ. ನೀರಿನ ಸಾಂದ್ರತೆ 1, ಹಾಲಿಂದು 1.030, ಸರಾಸರಿ 1.015 ಅಂದ್ರೆ ತಪ್ಪು. ಸಾಂದ್ರತೆನ ನೇರವಾಗಿ ಕೂಡಿಸೋಕೆ ಬರಲ್ಲ, ದ್ರವ್ಯರಾಶಿ ಬೇರೆ ಕೂಡಿಸ್ಬೇಕು, ಗಾತ್ರ ಬೇರೆ ಕೂಡಿಸ್ಬೇಕು, ಆಮೇಲೆ ಭಾಗಿಸ್ಬೇಕು. 1030 + 250 = 1280 ಗ್ರಾಂ, ಗಾತ್ರ 1250 ಎಂಎಲ್, ಉತ್ತರ 1.024. ಹಾಲು, ನೀರು ಎರಡೂ ಒಂದೇ ಗಾತ್ರದಲ್ಲಿ ಇದ್ದಿದ್ರೆ ಮಾತ್ರ 1.015 ಸರಿ ಆಗ್ತಿತ್ತು.

ಚಿನ್ನಕ್ಕೂ ಇದೇ ಲೆಕ್ಕ. 91.6 ಗ್ರಾಂ ಚಿನ್ನ (ಸಾಂದ್ರತೆ 19.3), 8.4 ಗ್ರಾಂ ತಾಮ್ರ (8.96) ಸೇರಿಸಿದ್ರೆ 22 ಕ್ಯಾರೆಟ್. ಇಲ್ಲಿ ಕೊಟ್ಟಿರೋದು ತೂಕ, ಆದ್ರಿಂದ ಮೊದಲು ಒಂದೊಂದರ ಗಾತ್ರ ಕಂಡುಹಿಡೀಬೇಕು, 4.75 ಮತ್ತು 0.94 ಘನ ಸೆಂಮೀ. ಒಟ್ಟು 100 ಗ್ರಾಂನ 5.69ರಿಂದ ಭಾಗಿಸಿದ್ರೆ ಸುಮಾರು 17.6.

ಮತ್ತೆ ಹಾಲಿಗೆ ಬರೋಣ, ನಿಜವಾದ ಮಜಾ ಅಲ್ಲೇ ಇರೋದು. ಹಾಲಿನ ಕೊಬ್ಬು ನೀರಿಗಿಂತ ಹಗುರ, ಸಾಂದ್ರತೆ ಸುಮಾರು 0.93, ಅದಕ್ಕೇ ಕೆನೆ ಮೇಲೆ ಬರೋದು. ನಮ್ಮ ಒಂದು ಲೀಟರ್ ಹಾಲಲ್ಲಿ 4% ಫ್ಯಾಟ್, ಅಂದ್ರೆ 41 ಗ್ರಾಂ ಇದೆ ಅಂದ್ಕೊಳಿ, ಅದರಲ್ಲಿ 20 ಗ್ರಾಂ ತೆಗೆದ್ರೆ ಗಾತ್ರ ಸುಮಾರು 21.5 ಎಂಎಲ್ ಕಮ್ಮಿ ಆಗತ್ತೆ, ಉಳಿದಿದ್ದು 1010 ಗ್ರಾಂ, 978.5 ಎಂಎಲ್, ಸಾಂದ್ರತೆ 1.032ಕ್ಕೆ ಏರತ್ತೆ! ಹಗುರದ ಭಾಗ ಹೋಯ್ತಲ್ಲ. ಈಗ 70 ಎಂಎಲ್ ನೀರು ಹಾಕಿದ್ರೆ 1080ನ್ನ 1048.5ರಿಂದ ಭಾಗಿಸಿ, ಮತ್ತೆ 1.030, ಲ್ಯಾಕ್ಟೋಮೀಟರ್‌ಗೆ ಏನೂ ಗೊತ್ತಾಗಲ್ಲ. ಕೆನೆನೂ ತೆಗೆದು ನೀರೂ ಹಾಕಿದ ಹಾಲು ಅಪ್ಪಟ ಹಾಲಿನಷ್ಟೇ ಡಿಗ್ರಿ ತೋರಿಸತ್ತೆ. ಆದ್ರೆ 1080 ಗ್ರಾಂ ಹಾಲಲ್ಲಿ ಫ್ಯಾಟ್ ಉಳಿದಿರೋದು 21 ಗ್ರಾಂ, ಶೇಕಡಾ 2ಕ್ಕಿಂತ ಕಮ್ಮಿ, ಅದಕ್ಕೇ ಡೈರಿಲಿ ಡಿಗ್ರಿ ನೋಡಿದ ಮೇಲೂ ಫ್ಯಾಟ್ ಟೆಸ್ಟ್ ಬೇರೆ ಮಾಡೋದು.