ಫ್ರಾನ್ಜ್ ಫರ್ಡಿನಾಂಡ್: ಒಂದು ಕುದುರೆ, ಒಬ್ಬ ಯುವರಾಜ, ಒಂದು ರಾಕ್ ಬ್ಯಾಂಡ್

ಫ್ರಾನ್ಜ್ ಫರ್ಡಿನಾಂಡ್ ಅಂತ ಹುಡುಕಿದರೆ ಎರಡು ಸಿಗುತ್ತವೆ. ಒಂದು, ದಪ್ಪ ಮೀಸೆಯ ಆಸ್ಟ್ರಿಯಾ ಯುವರಾಜ. ಇನ್ನೊಂದು, ಗ್ಲಾಸ್ಗೋದ ರಾಕ್ ಬ್ಯಾಂಡ್. ಈ ಹುಡುಗರು ಇತಿಹಾಸ ಓದಿ ಹೆಸರಿಟ್ಟಿರಬೇಕು ಅಂತ ಅನಿಸುತ್ತೆ, ಅಲ್ವಾ? ಇಲ್ಲ. 2001ರಲ್ಲಿ ಇಂಗ್ಲೆಂಡಿನ ನಾರ್ಥಂಬರ್ಲ್ಯಾಂಡ್ ಪ್ಲೇಟ್ ರೇಸ್ ಗೆದ್ದ ಕುದುರೆಯ ಹೆಸರು ಆರ್ಚ್‌ಡ್ಯೂಕ್ ಫರ್ಡಿನಾಂಡ್ (ಆರ್ಚ್‌ಡ್ಯೂಕ್ ಅಂದರೆ ಆಸ್ಟ್ರಿಯಾ ರಾಜಮನೆತನದವರ ಬಿರುದು). ಅದನ್ನು ಟಿವಿಯಲ್ಲಿ ನೋಡಿ ಮಾತು ಯುವರಾಜನ ಕಡೆ ಹೊರಳಿತು, ಹೆಸರು ಕೇಳೋಕೆ ಚೆನ್ನಾಗಿದೆ ಅನಿಸಿತು, ಇಟ್ಟುಕೊಂಡರು.

2002ರಲ್ಲಿ ಅಲೆಕ್ಸ್ ಕಪ್ರಾನೋಸ್, ನಿಕ್ ಮೆಕಾರ್ಥಿ, ಬಾಬ್ ಹಾರ್ಡಿ, ಪಾಲ್ ಥಾಮ್ಸನ್ ಸೇರಿ ಬ್ಯಾಂಡ್ ಕಟ್ಟಿದರು. 2004ರಲ್ಲಿ ಮೊದಲ ಆಲ್ಬಮ್ ಬಂತು, ಅದೇ ವರ್ಷ ಬ್ರಿಟನ್ನಿನ ಮರ್ಕ್ಯುರಿ ಸಂಗೀತ ಪ್ರಶಸ್ತಿಯೂ ಬಂತು.

ಯುವರಾಜನ ಕಥೆ ಇಷ್ಟು ಸಲೀಸಲ್ಲ. ಹುಟ್ಟಿದ್ದು 1863ರಲ್ಲಿ, ಗ್ರಾಜ್‌ನಲ್ಲಿ. ಸಿಂಹಾಸನ ಇವನಿಗೆ ಬರುವುದೇ ಇರಲಿಲ್ಲ. 1889ರಲ್ಲಿ ಚಕ್ರವರ್ತಿಯ ಮಗ ರುಡಾಲ್ಫ್ ಆತ್ಮಹತ್ಯೆ ಮಾಡಿಕೊಂಡ, 1896ರಲ್ಲಿ ಚಕ್ರವರ್ತಿಯ ತಮ್ಮನಾದ ಇವನ ಅಪ್ಪ ತೀರಿಕೊಂಡ, ಸರದಿ ಇವನದಾಯಿತು. ಶಿಕಾರಿಯ ಹುಚ್ಚು ವಿಪರೀತ. 1893ರಲ್ಲಿ ಭಾರತಕ್ಕೂ ಬಂದು ಹುಲಿ ಹೊಡೆದು ಹೋಗಿದ್ದಾನೆ. ಮುಂಗೋಪಿ ಬೇರೆ, ಹಾಗಾಗಿ ವಿಯೆನ್ನಾದಲ್ಲಿ ಇವನನ್ನು ಇಷ್ಟಪಟ್ಟವರು ಕಡಿಮೆ.

ಆದರೆ ಹೆಂಡತಿ ವಿಷಯದಲ್ಲಿ ಮಾತ್ರ ಯಾರಿಗೂ ಬಗ್ಗಲಿಲ್ಲ. ಸೋಫಿ ಖೋಟೆಕ್ ರಾಜವಂಶದವಳಲ್ಲ. 1900ರ ಜೂನ್ 28ರಂದು, ನನ್ನ ಮಕ್ಕಳಿಗೆ ಸಿಂಹಾಸನದ ಹಕ್ಕಿಲ್ಲ ಅಂತ ಇಡೀ ದರ್ಬಾರಿನ ಮುಂದೆ ಪ್ರಮಾಣ ಮಾಡಿದ. ಆಮೇಲಷ್ಟೇ ಅವಳನ್ನು ಮದುವೆಯಾಗಲು ಸಾಧ್ಯವಾಯಿತು. ವಿಯೆನ್ನಾದ ಸಮಾರಂಭಗಳಲ್ಲಿ ಅವಳಿಗೆ ಗಂಡನ ಪಕ್ಕ ಜಾಗವಿರಲಿಲ್ಲ. ಸರಿಯಾಗಿ 14 ವರ್ಷದ ಮೇಲೆ, ಅದೇ ಜೂನ್ 28ಕ್ಕೆ ಬೋಸ್ನಿಯಾದ ಸರಾಯೆವೊದಲ್ಲಿ ಆ ಜಾಗ ಸಿಕ್ಕಿತು. ತೆರೆದ ಕಾರಿನಲ್ಲಿ, ಗಂಡನ ಪಕ್ಕ.

ಆ ಬೆಳಿಗ್ಗೆ ಮೊದಲು ಬಾಂಬ್ ಎಸೆದವನು ಚಾಬ್ರಿನೋವಿಚ್, ಆಸ್ಟ್ರಿಯಾ ಆಳ್ವಿಕೆಯ ವಿರುದ್ಧವಿದ್ದ ಬೋಸ್ನಿಯಾದ ಸರ್ಬ್ ಯುವಕ. ಬಾಂಬ್ ಯುವರಾಜನ ಕಾರಿನಿಂದ ಪುಟಿದು ಹಿಂದಿನ ಕಾರಿನ ಹತ್ತಿರ ಸಿಡಿಯಿತು. ಎಸೆದವನು ಸಯನೈಡ್ ನುಂಗಿ ಹೊಳೆಗೆ ಹಾರಿದ. ವಿಷ ಕೆಲಸ ಮಾಡಲಿಲ್ಲ, ಬೇಸಿಗೆಯ ಹೊಳೆಯಲ್ಲಿ ಮುಳುಗುವಷ್ಟು ನೀರೂ ಇರಲಿಲ್ಲ. ಅಷ್ಟಾದರೂ ಯುವರಾಜ ಊರು ಬಿಡದೆ, ಗಾಯಗೊಂಡವರನ್ನು ನೋಡಲು ಆಸ್ಪತ್ರೆಗೆ ಹೊರಟ. ದಾರಿ ಬದಲಾದ ಸುದ್ದಿ ಡ್ರೈವರ್‌ಗೆ ಯಾರೂ ಹೇಳಿರಲಿಲ್ಲ! ಲ್ಯಾಟಿನ್ ಸೇತುವೆ ಹತ್ತಿರ ಅವನು ಹಳೇ ದಾರಿಗೆ ತಿರುಗಿಸಿದ, ಗವರ್ನರ್ ಕೂಗಿದ, ಕಾರು ನಿಂತಿತು. ನಿಂತ ಜಾಗದಲ್ಲೇ ಚಾಬ್ರಿನೋವಿಚ್‌ನ ಜೊತೆಗಾರ, 19 ವರ್ಷದ ಗಾವ್ರಿಲೊ ಪ್ರಿನ್ಸಿಪ್ ಇದ್ದ. ಎರಡೇ ಗುಂಡು, ಇಬ್ಬರೂ ಹೋದರು. ಪ್ರಿನ್ಸಿಪ್ ಆಗ ಸ್ಯಾಂಡ್‌ವಿಚ್ ತಿನ್ನುತ್ತಿದ್ದ ಅನ್ನುವ ಕಥೆಯನ್ನು ನಂಬಬೇಡಿ, ಅದು ಸುಮ್ನೆ ಆಮೇಲೆ ಹುಟ್ಟಿದ್ದು.

ಸರ್ಬಿಯಾ ಮೇಲೆ ಯುದ್ಧ ಬೇಡ ಅಂತ ಅಡ್ಡ ನಿಂತಿದ್ದವರಲ್ಲಿ ಯುವರಾಜನೇ ಪ್ರಮುಖ. ಅವನನ್ನು ಕೊಂದ ನೆಪದಲ್ಲೇ ಜುಲೈ 28ಕ್ಕೆ ಆಸ್ಟ್ರಿಯಾ ಸರ್ಬಿಯಾ ಮೇಲೆ ಯುದ್ಧ ಸಾರಿತು, ಅದೇ ಮೊದಲ ಮಹಾಯುದ್ಧವಾಯಿತು. ಅದು ಎಲ್ಲಿಯವರೆಗೆ ಹಬ್ಬಿತೆಂದರೆ, 1918ರ ಸೆಪ್ಟೆಂಬರ್‌ನಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಈಗಿನ ಇಸ್ರೇಲಿನ ಹೈಫಾದಲ್ಲಿ ಕುದುರೆ ಏರಿ ಕಾದಾಡುತ್ತಿದ್ದರು. ಅಷ್ಟರಲ್ಲಿ ಪ್ರಿನ್ಸಿಪ್ ಟೆರೆಜಿನ್ ಜೈಲಿನಲ್ಲಿ ಕ್ಷಯದಿಂದ ಸತ್ತು ಐದು ತಿಂಗಳಾಗಿತ್ತು. 20 ತುಂಬಿರಲಿಲ್ಲ ಅಂತ ಅವನನ್ನು ಗಲ್ಲಿಗೇರಿಸಿರಲಿಲ್ಲ.

ಇನ್ನು ಬ್ಯಾಂಡ್ ವಿಷಯ. ಸುಮ್ನೆ ಹೆಸರು ಹೊಡೆದುಕೊಂಡು ಕೂತರು ಅನ್ನುವಂತಿಲ್ಲ. 'ಟೇಕ್ ಮಿ ಔಟ್' ಕೇಳದ ಇಂಡೀ ರಾಕ್ ಪ್ರಿಯರು ಇರಲಿಕ್ಕಿಲ್ಲ. ಅದೇ ಸಿಂಗಲ್‌ನಲ್ಲಿ ಜೊತೆಗಿದ್ದ 'ಆಲ್ ಫಾರ್ ಯೂ, ಸೋಫಿಯಾ' ಕೇಳಿದವರು ಕಮ್ಮಿ. ಅದು ಪೂರ್ತಿ ಸರಾಯೆವೊದ ಆ ದಿನದ ಹಾಡು, ಪ್ರಿನ್ಸಿಪ್‌ನ ಹೆಸರೂ ಅದರಲ್ಲಿದೆ. ನನಗೆ ಇಷ್ಟವಾಗಿದ್ದು ಶೀರ್ಷಿಕೆಗೆ ಸೋಫಿಯನ್ನು ಆರಿಸಿದ್ದು. ಸತ್ತ ಮೇಲೂ ಅವಳಿಗೆ ಯುವರಾಜನ ಹ್ಯಾಬ್ಸ್‌ಬರ್ಗ್ ಮನೆತನ ವಿಯೆನ್ನಾದ ರಾಜಸಮಾಧಿಯಲ್ಲಿ ಜಾಗ ಕೊಡುವಂತಿರಲಿಲ್ಲ. ಅದು ಗೊತ್ತಿದ್ದೇ ಯುವರಾಜ ಮೊದಲೇ ಆರ್ಟ್‌ಸ್ಟೆಟನ್ ಕೋಟೆಯಲ್ಲಿ ಇಬ್ಬರಿಗೂ ಸಮಾಧಿ ಕಟ್ಟಿಸಿಟ್ಟಿದ್ದ.